ಒದ್ದೆ ಬಟ್ಟೆಯ ಸಾಲು

ಆ ಸಾಲನ್ನು ಬದಲಾಯಿಸಿದವಳು ನಾನು, ಶೈಲಾ. ನೀನಲ್ಲ. ಅವತ್ತು ನೀನು ಕೇಳಿದಾಗ ‘ಇಲ್ಲ’ ಅಂದೆನಲ್ಲ, ಅದು ಸುಳ್ಳು. ಇಷ್ಟು ವರ್ಷ ನಿನ್ನ ಜೊತೆ ಬೆಸೆಂಟ್ ನಗರದ ಕಡಲ ದಂಡೆಯಲ್ಲಿ ನಡೆದಿದ್ದೇನೆ, ನಿಮ್ಮ ಹೋಟೆಲಿನ ಗೋಳಿಬಜೆ ತಿಂದಿದ್ದೇನೆ, ನನ್ನ ಮಗಳ ಮದುವೆಯ ಮಾತುಕತೆಗೆ ನಿನ್ನನ್ನೇ ಮುಂದೆ ಕೂರಿಸಿಕೊಂಡಿದ್ದೇನೆ — ಇದೊಂದನ್ನು ಮಾತ್ರ ಹೇಳಲಿಲ್ಲ.

ಈ ಭಾನುವಾರ ಎದುರಿಗೇ ಹೇಳುತ್ತೇನೆ. ಅದಕ್ಕೆ ಮೊದಲು ಇಲ್ಲಿ ಒಬ್ಬಳೇ ಕೂತು ಒಮ್ಮೆ ಪೂರ್ತಿ ಹೇಳಿಕೊಳ್ಳಬೇಕು. ನೀನು ಎದುರಿಗಿದ್ದರೆ ನನ್ನ ಬಾಯಿ ತಮಾಷೆಯ ಕಡೆಗೆ ಜಾರುತ್ತದೆ, ನಿನಗೆ ಗೊತ್ತಲ್ಲ.

ನೆನಪಿದೆಯಾ, ನಾವು ಮೊದಲು ಸೇರಿದಾಗ ಆಫೀಸು ಹೇಗಿತ್ತು? ಹೋಟೆಲ್ ಅಡುಗೆಮನೆಗಳ ದೊಡ್ಡ ಯಂತ್ರಗಳನ್ನು ಮಾಡುವ ಕಂಪನಿ; ಆ ಯಂತ್ರಗಳ ಜೊತೆ ಹೋಗುವ ಮ್ಯಾನ್ಯುಯಲ್ ಬರೆಯುವವರು ನಾವು. ರುಬ್ಬುವ ಯಂತ್ರಕ್ಕೆ ನಮ್ಮ ತಂಡ, ತರಕಾರಿ ಹೆಚ್ಚುವ ಯಂತ್ರಕ್ಕೆ ನಿಮ್ಮದು, ಹಬೆ ಪಾತ್ರೆಗಳಿಗೆ ಮತ್ತೊಂದು. ಅದೇ ಸ್ವಿಚ್ಚು, ಅದೇ ಪ್ಲಗ್ಗು, ಅದೇ ಶುಚಿ ಮಾಡುವ ವಿಧಾನ — ಮೂರೂ ತಂಡದವರು ಮೂರು ರೀತಿ ಬರೆಯುತ್ತಿದ್ದೆವು. ಮೂವರೂ ಬೇರೆ ಬೇರೆ ತಪ್ಪು ಮಾಡುತ್ತಿದ್ದೆವು. ಒಬ್ಬರದ್ದನ್ನು ಒಬ್ಬರು ಓದಿದ್ದೇ ಇಲ್ಲ.

ನೀನು ಬಂದು ಕೆಲವೇ ತಿಂಗಳಲ್ಲಿ ಕೇಳಿದೆ: “ಮೂರು ಕಡೆ ಮೂರು ಹಿಟ್ಟು ರುಬ್ಬುದು ಯಾಕೆ ಮಾರಾಯ್ತಿ? ನಮ್ಮ ಹೋಟ್ಲಲ್ಲಿ ಹಾಗೆ ಮಾಡಿದ್ರೆ ಅಪ್ಪ ಓಡಿಸ್ತಿದ್ರು.” ಒಂದೇ ಹಿಟ್ಟಿನಿಂದ ದೋಸೆ, ಅದರಿಂದಲೇ ಊತಪ್ಪ, ಅದರಿಂದಲೇ ಪಡ್ಡು. ಹಾಗೆಯೇ ಒಂದು ಮಾತನ್ನು ಒಂದೇ ಸಲ ಸರಿಯಾಗಿ ಬರೆದಿಡುವುದು, ಬೇಕಾದ ಮ್ಯಾನ್ಯುಯಲ್‌ಗಳೆಲ್ಲ ಅದನ್ನೇ ಕರೆದುಕೊಳ್ಳುವುದು. ಅಲ್ಲಿ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದ ಹಾಗೆ. ಅದನ್ನು ನಾವು ‘ಲೈಬ್ರರಿ’ ಅಂದೆವು. ಮ್ಯಾನೇಜರಿಗೂ ಹಿಡಿಸಿತು. ಮೂರು ತಂಡಗಳನ್ನು ಸೇರಿಸಿ ನಿನ್ನ ಕೈಗೆ ಕೊಡುವ ಮಾತು ನಡೆದಿತ್ತು. ನಿನ್ನ ಖುಷಿ ನೋಡಬೇಕಿತ್ತು — ಆ ದಿನಗಳಲ್ಲಿ ನೀನು ಮೆಟ್ಟಿಲನ್ನು ಎರಡೆರಡು ಹಾರಿಕೊಂಡು ಹತ್ತುತ್ತಿದ್ದೆ.

ನಿನ್ನ ನಿಯಮ ಒಂದೇ ಇತ್ತು, ಅದೂ ಹೋಟೆಲಿನದೇ. ಹಿಟ್ಟಿಗೆ ಉಪ್ಪು ಹಾಕುವುದು ಒಂದೇ ಕೈ. ಇಬ್ಬರು ಹಾಕಿದರೆ ಇಡೀ ಪಾತ್ರೆ ಚೆಲ್ಲಬೇಕು. ಆದ್ದರಿಂದ ಲೈಬ್ರರಿಯನ್ನು ಓದುವುದಕ್ಕೆ ಎಲ್ಲರಿಗೂ ದಾರಿಯಿತ್ತು. ತಿದ್ದುವುದಕ್ಕೆ ನಿನ್ನ ಲಾಗಿನ್ ಮಾತ್ರ. ಕುಂದಾಪುರದಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಹೋಗುವಾಗ ನನ್ನೊಬ್ಬಳಿಗೆ ಆ ಪಾಸ್‌ವರ್ಡ್ ಕೊಟ್ಟೆ, ತೀರಾ ಅವಸರವಿದ್ದರೆ ಇರಲಿ ಅಂತ. ಬಂದ ಮೇಲೆ ಬದಲಾಯಿಸಲಿಲ್ಲ. ಬದಲಾಯಿಸಿದರೆ ನನ್ನನ್ನು ನಂಬಲಿಲ್ಲ ಅಂತ ಆಗುತ್ತದೆ ಅಂದುಕೊಂಡಿರಬೇಕು ನೀನು.

ನಮ್ಮ ಹೊಸ ರುಬ್ಬುವ ಯಂತ್ರ ಬಂತು. ಅದರ ಮೋಟರಿಗೆ ಸುತ್ತ ಮುಚ್ಚಳ, ನೀರು ತಾಗದು. ಲೈಬ್ರರಿಯ ಸಾಲು ಮಾತ್ರ ಹಳೆಯದು. ನಮ್ಮ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಇಷ್ಟೆ: ‘ಒದ್ದೆ ಬಟ್ಟೆಯಿಂದ ಒರೆಸಿ. ನೀರು ಸುರಿಯಬೇಡಿ.’ ಹೊಸ ಯಂತ್ರಕ್ಕೆ ಬೇರೆಯೇ ಒಂದು ತುಂಡು ಬರೆದು ನಿನಗೆ ಕಳಿಸಬೇಕಿತ್ತು, ನೀನು ಓದಿ ಒಪ್ಪಬೇಕಿತ್ತು. ಆ ವಾರ ನೀನು ಎಲ್ಲ ತಂಡಗಳ ತಿದ್ದುಪಡಿಗಳಲ್ಲಿ ಮುಳುಗಿದ್ದೆ. ನಿನ್ನ ಒಪ್ಪಿಗೆಗೆ ನಾಳೆಯವರೆಗೆ ಕಾಯಬೇಕಾದೀತು ಅನ್ನಿಸಿತು. ಅಡ್ಯಾರಿನಲ್ಲಿ ಮಗಳ ಶಾಲೆಯ ವಾರ್ಷಿಕೋತ್ಸವ, ಅವಳ ಕುಣಿತ, “ಅಮ್ಮಾ, ಸೀಕ್ರಂ ವಾ” ಅಂತ ತಮಿಳಿನಲ್ಲಿ ಫೋನಿನ ಮೇಲೆ ಫೋನು, ಬೇಗ ಬಾ ಅಂತ. ಇದನ್ನು ಕಾರಣ ಅಂತ ಹೇಳುತ್ತಿಲ್ಲ. ಕುಣಿತ ನೋಡಿ ಬಂದು ಮರುದಿನ ಮಾಡಬಹುದಿತ್ತು. ನನಗೆ ಸೋಮಾರಿತನ, ಜೊತೆಗೆ ಸ್ವಲ್ಪ ಜಂಬ — ನನಗೆ ತಿಳಿಯದ್ದು ಏನಿದೆ ಇದರಲ್ಲಿ ಅಂತ. ನಿನ್ನ ಲಾಗಿನ್‌ನಲ್ಲಿ ಒಳಗೆ ಹೋದೆ. ‘ನೀರು ಸುರಿದು ತೊಳೆಯಬಹುದು’ ಅಂತ ಮಾಡಿದೆ. ಬ್ಯಾಗ್ ತೆಗೆದುಕೊಂಡು ಹೊರಟೆ.

ಆ ಸಾಲು ನಿಮ್ಮ ತರಕಾರಿ ಹೆಚ್ಚುವ ಯಂತ್ರದ ಮ್ಯಾನ್ಯುಯಲ್‌ನಲ್ಲೂ ಇದೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು. ಲೈಬ್ರರಿಯ ಅರ್ಥವೇ ಅದಲ್ಲವೇ.

ಆ ಯಂತ್ರದ ಮೋಟರ್ ಕೆಳಗೆ ತೆರೆದೇ ಇರುತ್ತದೆ. ಪಾಪ, ಹೋಟೆಲಿನವರು ಬರೆದದ್ದನ್ನು ನಂಬಿ ಪೈಪು ಹಿಡಿದು ತೊಳೆದರು. ಒಂದೊಂದಾಗಿ ಮೋಟರ್‌ಗಳು ಸುಟ್ಟವು. ಯಾರಿಗೂ ಶಾಕ್ ಹೊಡೆಯಲಿಲ್ಲ. ಅದು ಅವರ ಅದೃಷ್ಟ. ನನ್ನ ಜಾಣತನವೇನೂ ಅಲ್ಲ. ದೂರುಗಳು ಬಂದವು, ಮೀಟಿಂಗ್ ಕರೆದರು. ತಿದ್ದಿದವರು ಯಾರು ಅಂತ ಮ್ಯಾನೇಜರು ನೋಡಿದರು. ಪರದೆಯ ಮೇಲೆ ನಿನ್ನ ಹೆಸರು ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಅಷ್ಟೂ ಮಾಡಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತೆ.

ಮೀಟಿಂಗ್ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಂತು ನೀನು ಕೇಳಿದೆ. ಸಂಶಯದಿಂದ ಅಲ್ಲ, ಸುಮ್ಮನೆ ತಿಳಿಯುವುದಕ್ಕೆ.

“ಗೀತಾ, ನೀನು ಆ ಸಾಲು ಮುಟ್ಟಿದ್ದುಂಟಾ?”

“ಇಲ್ಲಪ್ಪ. ನಾನ್ಯಾಕೆ ಮುಟ್ಲಿ?”

ನೀನು ಕಂಬಿ ಹಿಡಿದು ಒಂದು ಮೆಟ್ಟಿಲು ಇಳಿದೆ. ಆಮೇಲೆ, “ಹಾಗಾದ್ರೆ ನಾನೇ ಮಾಡಿದ್ದು. ನಂಗೆ ನೆನಪೇ ಇಲ್ಲ ಮಾರಾಯ್ತಿ,” ಅಂದೆ.

ನನ್ನ ಮೇಲೆ ಅನುಮಾನ ಬರಬಹುದು ಅಂತ ಹೆದರಿದ್ದೆ. ನಿನಗೆ ನಿನ್ನ ಮೇಲೆಯೇ ಅನುಮಾನ ಬರಬಹುದು ಅಂತ ಒಂದು ಕ್ಷಣವೂ — ಇಲ್ಲ, ಆ ಕ್ಷಣದಲ್ಲಿ ಕಂಡಿತ್ತು. ನಿನ್ನ ಮುಖದಲ್ಲಿ ಕಂಡಿತ್ತು. ಕಂಡೂ ಸುಮ್ಮನಾದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ. ತಿಂದವಳು ನಾನು, ಕುಡಿಸಿದ್ದು ನಿನಗೆ.

ಲೈಬ್ರರಿ ಮುಚ್ಚಿತು. ಮೂರು ತಂಡದವರೂ ಮತ್ತೆ ಮೂರು ಹಿಟ್ಟು ರುಬ್ಬತೊಡಗಿದೆವು. ನಿನ್ನನ್ನು ಹಳೆಯ ಮ್ಯಾನ್ಯುಯಲ್‌ಗಳ ಅಕ್ಷರ ತಿದ್ದುವುದಕ್ಕೆ ಕೂರಿಸಿದರು. ನೀನು ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತಿದ್ದೆ. ಕೊನೆಗೆ ಕೆಲಸ ಬಿಟ್ಟು, ಅಡ್ಯಾರಿನ ನಿಮ್ಮ ಹೋಟೆಲಿಗೆ, ಅಣ್ಣನ ಜೊತೆಗೆ ಹೋದೆ.

ಅಲ್ಲಿ ನೀನು ಸುಖವಾಗಿದ್ದೀಯ — ನನ್ನ ಸಮಾಧಾನಕ್ಕೆ ಕಟ್ಟಿದ ಮಾತಲ್ಲ ಇದು. ಬೆಳಗಾಗುವ ಮೊದಲೇ ಕೋಯಂಬೇಡಿನ ತರಕಾರಿ ಮಾರುಕಟ್ಟೆಗೆ ಹೋಗಿ ಬದನೆಕಾಯಿಗೆ ಚೌಕಾಸಿ ಮಾಡುವಾಗಿನ ನಿನ್ನ ಗತ್ತು ಆಫೀಸಿನಲ್ಲಿ ಎಂದೂ ಇರಲಿಲ್ಲ. ಆ ಕಂಪನಿಯಿಂದ ಹೊರಗೆ ಬಂದದ್ದೇ ಒಳ್ಳೆಯದಾಯಿತು ಅಂತ ನೀನೇ ಎಷ್ಟು ಸಲ ನಕ್ಕು ಹೇಳಿದ್ದೀಯ. ಪ್ರತಿ ಸಲವೂ ಆ ಮಾತನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಬಂದಿದ್ದೇನೆ. ನೋಡು, ಎಲ್ಲ ಒಳ್ಳೆಯದೇ ಆಯಿತಲ್ಲ ಅಂತ. ನನಗೂ ಕೊರತೆಯೇನಿಲ್ಲ: ಸ್ವಂತ ಮನೆ, ತಮಿಳಿನಲ್ಲಿ ಜಗಳ ಆಡಿದರೂ ನನ್ನ ಮಡಿಲಲ್ಲೇ ಮಲಗುವ ಮಗಳು, ಭಾನುವಾರಕ್ಕೆ ನೀನು. ಸುಖದ ನಡುವೆ ಸುಳ್ಳು ಅಷ್ಟೇನೂ ಚುಚ್ಚುವುದಿಲ್ಲ, ಶೈಲಾ. ಅದೇ ಅದರ ಕೆಟ್ಟತನ.

ಇನ್ನೊಂದು ಇದೆ. ಕೆಲವು ವರ್ಷದ ಹಿಂದೆ ಆಫೀಸಿನಲ್ಲಿ ಲೈಬ್ರರಿಯನ್ನು ಮತ್ತೆ ತೆರೆದರು. ಈ ಸಲ ನನ್ನ ಕೈಗೆ ಕೊಟ್ಟರು. ಮೊದಲ ದಿನ ಎಲ್ಲ ತಂಡಗಳ ಮುಂದೆ ನಿಂತು ದೋಸೆ ಹಿಟ್ಟಿನ ಕಥೆ ಹೇಳಿದೆ, ಉಪ್ಪು ಹಾಕುವ ಒಂದೇ ಕೈಯ ಕಥೆ. ನಕ್ಕರು, ಚಪ್ಪಾಳೆ ಹೊಡೆದರು. ಕಥೆ ಯಾರದ್ದು ಅಂತ ಹೇಳಲಿಲ್ಲ. ಬರೆದದ್ದನ್ನು ಹಂಚಿಕೊಳ್ಳಬೇಕು ಅಂತ ಊರಿಗೆಲ್ಲ ಬುದ್ಧಿ ಹೇಳುವುದು ನನ್ನ ಉದ್ಯೋಗ.

ಕಳೆದ ಭಾನುವಾರ ಇದು ಸಾಕು ಅನ್ನಿಸಿತು. ಮರಳಿನ ಮೇಲೆ ಕೂತು ಬೇಯಿಸಿದ ಕಡಲೆಯ ಸುಂಡಲ್ ತಿನ್ನುತ್ತಿದ್ದೆವು, ಗಾಳಿ ಚೆನ್ನಾಗಿತ್ತು. ಎರಡನೆಯ ಹೋಟೆಲ್ ತೆರೆಯುವ ವಿಷಯ ಹೇಳಿದೆ ನೀನು. ಎರಡೂ ಅಡುಗೆಮನೆಗಳಲ್ಲಿ ರುಚಿ ಒಂದೇ ಇರಬೇಕು, ಅಳತೆ, ವಿಧಾನ ಎಲ್ಲವನ್ನೂ ಒಂದೇ ಕಡೆ ಬರೆದಿಡು ಅಂತ ಅಣ್ಣ ಹಿಂದೆ ಬಿದ್ದಿದ್ದಾರಂತೆ. ಅಪ್ಪನ ಕೈರುಚಿಯ ಲೆಕ್ಕ ನಿನಗೊಬ್ಬಳಿಗೇ ಪೂರ್ತಿ ಗೊತ್ತು. ನೀನು ಒಲ್ಲೆ ಅಂದಿದ್ದೀಯ.

“ನನ್ನಿಂದ ಬರೆಯುದು ಆಗುದಿಲ್ಲ ಮಾರಾಯ್ತಿ. ಒಂದ್ಸಲ ಕೈ ತಪ್ಪಿದೆಯಲ್ಲ. ನಾನು ಹೇಳ್ತೇನೆ, ನೀನು ಬರ್ದು ಕೊಡ್ತೀಯಾ?”

ಆಯ್ತು ಅಂದುಬಿಟ್ಟೆ. ನೀನು ಎದ್ದು ಮರಳು ಕೊಡವಿಕೊಂಡು ರಸ್ತೆಯ ಕಡೆಗೆ ನಡೆದೆ, ಸ್ಕೂಟರಿಗೆ ಬೀಗ ಹಾಕಿದ್ದೀಯೋ ಇಲ್ಲವೋ ನೋಡುವುದಕ್ಕೆ. ಪ್ರತಿ ಭಾನುವಾರವೂ ಹೋಗುತ್ತೀಯ. ಗ್ಯಾಸು, ಬಾಗಿಲು, ಬೀಗ — ನೋಡಿದ್ದನ್ನೇ ತಿರುಗಿ ನೋಡುತ್ತೀಯ. ನಾನೂ ನಿನ್ನ ಅಣ್ಣನೂ ಅದಕ್ಕೆ ಎಷ್ಟು ಗೇಲಿ ಮಾಡಿದ್ದೇವೆ. ಕೆಲಸಕ್ಕೆ ಸೇರಿದಾಗ ನೀನು ಹೀಗಿರಲಿಲ್ಲ. ಮೆಟ್ಟಿಲನ್ನು ಎರಡೆರಡು ಹಾರುತ್ತಿದ್ದವಳು ನೀನು. ನಿನ್ನ ಬೆನ್ನು ನೋಡುತ್ತ ಕೂತಿದ್ದಾಗ ಅತ್ತುಬಿಟ್ಟೆ. ನೀನು ಬರುವಷ್ಟರಲ್ಲಿ ಒರೆಸಿಕೊಂಡೆ.

ನಿನ್ನ ಹೋಟೆಲಿನ ಅಳತೆಗಳನ್ನು ನಾನು ಬರೆದುಕೊಡುವುದಿಲ್ಲ. ನೀನೇ ಬರೆಯಬೇಕು, ಆ ಕೈ ಎಂದೂ ತಪ್ಪಿರಲಿಲ್ಲ. ಸೋಮವಾರ ಆಫೀಸಿನಲ್ಲಿ ತಂಡಗಳನ್ನೆಲ್ಲ ಸೇರಿಸಿ, ಕಥೆ ಯಾರದ್ದು, ಆ ಸಾಲು ಯಾರು ತಿದ್ದಿದ್ದು, ಎರಡನ್ನೂ ಹೇಳುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಅದಕ್ಕೆ ಮೊದಲು ನಿನಗೆ. ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ನಿನ್ನ ಸ್ವಭಾವವೇ ಹಾಗೆ. ಬೈಯಬೇಕು ಅನ್ನಿಸಿದರೆ ಬೈಯಿ. ಭಾನುವಾರಗಳು ಇನ್ನು ಬೇಡ ಅಂದರೂ ಸರಿ.

ಆದರೆ ಈ ಒಂದು ಭಾನುವಾರ, ನೀನು ಮರಳಿನಿಂದ ಎದ್ದು ರಸ್ತೆಯ ಕಡೆಗೆ ಹೊರಟಾಗ, ನಿನ್ನ ಕೈ ಹಿಡಿದು ಕೂರಿಸುತ್ತೇನೆ. ಬೀಗ ಹಾಕಿದ್ದೀಯ, ಶೈಲಾ. ನೀನು ಹಾಕಿದ್ದನ್ನು ನಾನು ನೋಡಿದ್ದೇನೆ.