ಸೂಗಮ್ಮ ವಲ್ಲಿಯ ಕೆಳಗೆ ಕೈಯಿಟ್ಟದ್ದು

ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟಿದ್ದ ದೌಲಪ್ಪನ ಹೆಂಡತಿ ಸೂಗಮ್ಮನಿಗೆ ಓದು ಬರೆಹ ಬರುತ್ತಿರಲಿಲ್ಲ. ಆದರೆ ಪಡಸಾಲೆಯಲ್ಲಿ ಗಂಡಸರು ಆಡುವ ಮಾತಿನಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ಒಲೆಯ ಮುಂದೆ ಕೂತೇ ಹೇಳುತ್ತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಪಾಲಿಗೆ ಬಂದದ್ದು ಜೊಳ್ಳೇ ಜಾಸ್ತಿ. ಹಾಗಾಗಿ ಅವಳ ನಾಲಿಗೆ ಸ್ವಲ್ಪ ಖಾರವಾಗಿತ್ತು.

ಎರಡನೆಯ ಮಹಾಯುದ್ಧಕ್ಕೆ ಒಂದೆರಡು ವರ್ಷ ಮೊದಲಿನ ಮಾತು ಇದು. ಅವಳ ಒಬ್ಬನೇ ಮಗ ನೀಲಕಂಠ ಹೈದರಾಬಾದಿಗೆ ಓದಲು ಹೋದವನು, ಬೇಗಂಪೇಟೆಯ ಮೈದಾನದಲ್ಲಿ ವಿಮಾನದ ಇಂಜಿನ್ ಒರೆಸುತ್ತ ಒರೆಸುತ್ತ ವಿಮಾನ ಹಾರಿಸುವುದನ್ನೇ ಕಲಿತು ಬಂದಿದ್ದ. ಆಗ ದೌಲಪ್ಪ ಓಣಿಗೆಲ್ಲ ಪೇಢೆ ಹಂಚಿದ್ದ. ಈಗ ಮುಂಬೈಯ ಹೊಸ ಕಂಪನಿಯೊಂದರಿಂದ ನೌಕರಿಯ ಕಾಗದ ಬಂದಿತ್ತು, ದೌಲಪ್ಪನ ಮುಖ ಹುಳ್ಳಗಾಗಿತ್ತು. ಅವನು ಹೇಳಿದ ಕಾರಣ, ಅದು ಜನರನ್ನು ಕೂರಿಸಿಕೊಳ್ಳುವ ವಿಮಾನವಲ್ಲ, ಟಪಾಲು, ಔಷಧ, ಯಂತ್ರದ ಸಾಮಾನು ಸಾಗಿಸುವ ವಿಮಾನ. ಸಂಜೆಯೊಳಗೆ ಹೂಂ ಅಥವಾ ಉಹೂಂ ಎಂದು ತಾರು, ಅಂದರೆ ತಂತಿ, ಕೊಡಬೇಕಿತ್ತು.

ಅಳೆದು ಸುರಿದು ನೋಡಲು ಮೂವರು ಕೂತರು. ದೌಲಪ್ಪ ಒಬ್ಬ, ಅವನ ತಮ್ಮ ಮಲ್ಲಣ್ಣ ಒಬ್ಬ, ಮಗಳು ಕಸ್ತೂರಿಬಾಯಿಯನ್ನು ನೀಲಕಂಠನಿಗೆ ಕೊಡಲು ಮಾತಾಡಿದ್ದ ಕಮಲಾಪುರದ ಗುರುಲಿಂಗಪ್ಪ ಇನ್ನೊಬ್ಬ.

"ನವಾಬರನ್ನ ಕುಂಡ್ರಿಸಿಕೊಂಡು ಹಾರಿಸಿದ್ರ ಮಾನ ಅದ. ಗಂಟು ಹೊತ್ರ ಹಮಾಲಿ," ಎಂದ ಮಲ್ಲಣ್ಣ. "ಹಮಾಲಿ ಮಾಡಾಕ ಮುಗಿಲಿಗ್ಯಾಕ ಹೋಗಬೇಕು? ಇಲ್ಲೇ ಸ್ಟೇಶನ್ದಾಗ ಮಾಡ್ಲಿ."

ಹುಟ್ಟಿದಾಗಿನಿಂದ ಅಣ್ಣನ ಅಂಗಡಿಯ ಚೀಲಗಳಿಗೆ ಒರಗಿ ನಿದ್ದೆ ಮಾಡಿದ್ದು ಬಿಟ್ಟರೆ ಈ ಮಹಾರಾಯ ಒಂದು ಚೀಲ ಎತ್ತಿದವನಲ್ಲ.

"ಅಳಿಯ ಏನ್ ಮಾಡ್ತಾನ ಅಂತ ಕಮಲಾಪುರದಾಗ ಕೇಳಿದ್ರ ನಾ ಏನಂತ ಹೇಳ್ಲಿ?" ಎಂದ ಗುರುಲಿಂಗಪ್ಪ. "ಮೂಟಿ ಹೊರ್ತಾನ ಅನ್ಲೇನು?"

ಸೂಗಮ್ಮ ಬಾಗಿಲ ಮರೆಯಿಂದಲೇ ಕೇಳಿದಳು. "ನಿಮ್ಮ ತೋಟದ ಕೆಂಪು ಬಾಳಿಹಣ್ಣು ತಾವೇ ನಡಕೋತ ಪ್ಯಾಟಿಗೆ ಬರ್ತಾವೇನ್ರೀ ಬೀಗರ?"

ಗುರುಲಿಂಗಪ್ಪ ಕೆಮ್ಮಿದ. ಕಂಬದ ಹತ್ತಿರ ನಿಂತಿದ್ದ ನೀಲಕಂಠನ ಕಡೆ ತಿರುಗಿದ. "ಅಲ್ಲಪಾ, ಆ ವಿಮಾನದಾಗ ಬಾಳಿಗೊನಿ ಹಾಕಿದ್ರ ಮುಂಬೈ ಮುಟ್ಟಾಕ ಎಷ್ಟು ಹೊತ್ತು?"

"ಅರ್ಧ ದಿನಾನೂ ಬ್ಯಾಡ್ರಿ ಮಾವ."

ಅಲ್ಲಿಗೆ ಬೀಗರ ಮಾನದ ಮಾತು ಮುಗಿಯಿತು. ಲಾಭ ಕಂಡ ಕೂಡಲೇ ಮಾನ ಎಲ್ಲಿ ಓಡುತ್ತದೋ ಆ ಶಿವನಿಗೇ ಗೊತ್ತು ಎಂದುಕೊಂಡಳು ಸೂಗಮ್ಮ.

ಕೇಳಬೇಕಾದದ್ದನ್ನು ಈ ಮೂವರಲ್ಲಿ ಒಬ್ಬನೂ ಕೇಳಲಿಲ್ಲ. ಅವಳು ಹಿಂದಿನ ದಿನವೇ ರೊಟ್ಟಿ ಬಡಿಯುತ್ತ ಮಗನನ್ನು ಕೇಳಿದ್ದಳು.

"ಅದರಾಗ ಚಲೋದೇನದ, ಹೇಳು."

"ಮೂಟಿ ವಾಂತಿ ಮಾಡೂದಿಲ್ಲವ್ವ, ತಡಾ ಆತು ಅಂತ ಬೈಯೂದಿಲ್ಲ. ಯಾರಿಗೂ ಸಲಾಮು ಹೊಡಿಯೂದಿಲ್ಲ. ದಿನಾ ಹಾರಾಕ ಸಿಗ್ತದ. ನವಾಬರ ವಿಮಾನ ತಿಂಗಳಿಗೆ ಎರಡು ಸಲ ಹಾರಿದ್ರ ಹೆಚ್ಚು."

"ಕೆಟ್ಟದ್ದು?"

"ಮಳಿ ಇರ್ಲಿ, ಗಾಳಿ ಇರ್ಲಿ, ಟಪಾಲು ಹೋಗಬೇಕು. ಚೀಲ ಹಿಂದಕ ಜಾಸ್ತಿ ಹಾಕಿದ್ರ ಬಾಲ ಜಗ್ತದ. ಒಬ್ಬನ ಇರ್ತೀನಿ."

"ಇಂಜಿನ್ ನಿಂತ್ರ?"

"ಕೆಳಗ ಹೊಲ ಹುಡುಕಬೇಕು. ಜ್ವಾಳ ಕೊಯ್ದ ಹೊಲ ಆದ್ರ ಬದುಕಿದೆ. ಮಳಿಗಾಲದಾಗ ನಮ್ಮ ಕರಿ ಎರಿ ಮಣ್ಣಿನ ಹೊಲದಾಗ ಇಳಿದ್ರ ಗಾಲಿ ಹೂತು ಪಲ್ಟಿ ಹೊಡೀತದ."

ಮಗ ಸುಳ್ಳು ಹೇಳಲಿಲ್ಲ. ಅವಳ ಹೆಂಚಿನ ಮೇಲಿನ ರೊಟ್ಟಿ ಸೀದು ಹೋಗಿತ್ತು.

ಪಡಸಾಲೆಯಲ್ಲಿ ದೌಲಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ಬಲಗೈಯ ಮೇಲೆ ಹಾಸಿಕೊಂಡ. ಬಜಾರಿನಲ್ಲಿ ತೊಗರಿಯ ಧಾರಣೆಯನ್ನು ಬಟ್ಟೆಯ ಕೆಳಗೆ ಬೆರಳು ಹಿಡಿದು ಮುಗಿಸುವುದು ರೂಢಿ. ಈತ ಆ ರೂಢಿಯನ್ನು ಮನೆಗೂ ತಂದಿದ್ದ. ಬೇಕೆಂದವರು ಅವನ ಕೈಗೆ ಒಂದು ಬೆರಳು ಕೊಡಬೇಕು, ಬೇಡವೆಂದವರು ಮುಷ್ಟಿ. ಯಾರದು ಏನೆಂದು ಹೊರಗೆ ಬರುವುದಿಲ್ಲ, ನಾಳೆ ಕೆಟ್ಟರೆ ದೂರು ಯಾರ ತಲೆಗೂ ಬರುವುದಿಲ್ಲ. ಎಂಥ ಶೂರರು ನೋಡಿ. ಹೆಂಗಸರ ಕೈಗೆ ಅಲ್ಲಿ ಜಾಗವಿರಲಿಲ್ಲ. ಸೂಗಮ್ಮನ ಮದುವೆಯನ್ನೂ ಅವಳಪ್ಪ ಮತ್ತು ಮಾವ ಹಾಗೆಯೇ ಮುಗಿಸಿದ್ದರು, ಎಮ್ಮೆ ವ್ಯಾಪಾರ ಮಾಡಿದಂತೆ.

ಗುರುಲಿಂಗಪ್ಪ ಕೈಯಿಟ್ಟು ತೆಗೆದ. ಮಲ್ಲಣ್ಣ ಕೈಯಿಟ್ಟು ತೆಗೆದು ಮೀಸೆ ತಿರುವಿದ. ಒಂದು ಬೆರಳು, ಒಂದು ಮುಷ್ಟಿ ಎಂದು ಕುರುಡನಿಗೂ ತಿಳಿಯುತ್ತಿತ್ತು. ಇನ್ನು ದೌಲಪ್ಪನದೇ ಮಾತು. ಅವನು ನೆಲ ನೋಡುತ್ತ ಕೂತ. ನೀಲಕಂಠ ಅಪ್ಪನ ಮುಖವನ್ನೇ ನೋಡುತ್ತಿದ್ದ.

ಸೂಗಮ್ಮ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಬೀಗರ ಎದುರಿಗೇ ಗಂಡನ ಮುಂದೆ ಕೂತು ವಲ್ಲಿಯ ಕೆಳಗೆ ಕೈ ಹಾಕಿದಳು. ಮಲ್ಲಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು.

ಒಳಗೆ ಸಿಕ್ಕಿದ್ದು ಗಂಡನ ಬಿಗಿದ ಮುಷ್ಟಿ. ಅದು ಬೆವರಿನಿಂದ ತೊಯ್ದಿತ್ತು. ತಮ್ಮ ಆಡಿದ ಮಾನ, ಹಮಾಲಿ, ನವಾಬ ಎಲ್ಲ ಇವನಿಗೆ ಬರೀ ನೆವ. ಮಗ ಮುಗಿಲಿನಿಂದ ಬಿದ್ದಾನೆಂದು ಈ ಮನುಷ್ಯ ಹೆದರಿ ಸತ್ತಿದ್ದ. ಹೇಳಲು ಬಾಯಿ ಇರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಸೂಗಮ್ಮನಿಗೆ ಗಂಡನ ಮೇಲೆ ಸಿಟ್ಟು ಬರಲಿಲ್ಲ.

"ನನಗೂ ಅಂಜಿಕಿ ಅದರಿ," ಎಂದಳು ಮೆಲ್ಲಗೆ. "ನಿಮಗಿಂತ ಹೆಚ್ಚ ಅದ. ಅಂವ ಹೋದ್ರ ನಾವಿಬ್ರು ಅಂಜ್ಕೋತ ಇರೂಣು. ಹೋಗದಿದ್ರ ಅಂವ ನಮ್ಮಂಗ ಅಂಜ್ಕೋತ ಮುದುಕ ಆಗ್ತಾನ."

ದೌಲಪ್ಪ ಕೈ ಹಿಂದಕ್ಕೆಳೆಯಲಿಲ್ಲ. ಅವಳು ಆ ಮುಷ್ಟಿಯಿಂದ ಒಂದು ಬೆರಳನ್ನು ತಾನೇ ಬಿಡಿಸಿದಳು. ಅದು ಮತ್ತೆ ಮಡಚಿಕೊಳ್ಳಲಿಲ್ಲ.

"ನಾಳಿಗಿ ಏನರೆ ಆದ್ರ ಯಾರನ್ನ ಕೇಳೂದು?" ಎಂದ ಮಲ್ಲಣ್ಣ.

ಸೂಗಮ್ಮ ವಲ್ಲಿಯನ್ನು ಎಳೆದು ಪಕ್ಕಕ್ಕಿಟ್ಟಳು.

"ನನ್ನ ಕೇಳ್ರಿ," ಎಂದಳು. ಆಮೇಲೆ ಮಗನ ಕಡೆ ತಿರುಗಿದಳು. "ಹೋಗು ತಮ್ಮಾ, ಬರ್ತೀನಿ ಅಂತ ತಾರು ಕೊಟ್ಟು ಬಾ."