ನಾಲಿಗೆಯಿಲ್ಲದ ಗಂಟೆ

ಬಾಯಿ ಮುಚ್ಚಿಕೊಂಡು ಕೂರುವ ಹೆಂಗಸಲ್ಲ ನಾನು. ಆಗಂತೂ ಹೊಸದಾಗಿ ಮದುವೆಯಾಗಿದ್ದೆ, ಎಲ್ಲ ನನಗೇ ಗೊತ್ತು ಅನ್ನುವ ವಯಸ್ಸು.

ನಮ್ಮವರು, ಅಂದರೆ ನನ್ನ ಗಂಡ, ಹೊಸಪೇಟೆಯಲ್ಲಿ ಕಂಚುಗಾರರು. ಗುಡಿಗಳಿಗೆ ಗಂಟೆ ಎರೆಯುತ್ತಿದ್ದರು. ಆ ವರ್ಷ ಹಂಪಿ ಬಜಾರಿನಲ್ಲಿ ಕುಸಿದಿದ್ದ ಮಂಟಪವೊಂದನ್ನು ಸರ್ಕಾರ ಮತ್ತೆ ಎತ್ತಿ ನಿಲ್ಲಿಸಿತು. ಆ ಸಂತೋಷಕ್ಕೆ ಸಮುದ್ರದಾಚೆಯ ಬೌದ್ಧ ರಾಜ್ಯವೊಂದು ದೊಡ್ಡ ಕಂಚಿನ ಗಂಟೆಯನ್ನು ಕಾಣಿಕೆ ಕಳಿಸಿತು. ಅದನ್ನು ಮಂಟಪದಲ್ಲಿ ತೂಗುಹಾಕಲು ಸರ್ಕಾರದ ಓವರ್‌ಸಿಯರ್ ನಮ್ಮವರನ್ನು ಕರೆಸಿದರು. ಬುತ್ತಿ ಕೊಡಲು ಹೋದ ನಾನು ಗಂಟೆಯೊಳಗೆ ಬಗ್ಗಿ ನೋಡಿದೆ.

"ಅಯ್ಯ ಶಿವನ! ಇದಕ್ಕ ನಾಲಿಗಿನ ಇಲ್ಲಲ್ರಿ. ಹಡಗಿನಾಗ ಎಲ್ಲೋ ಬಿದ್ದು ಹೋಗೇತಿ!"

ನಮ್ಮವರು ಗಂಟೆಯನ್ನು ಬೆರಳಿನಿಂದ ಬಡಿದು ಕಿವಿಗೊಟ್ಟರು. "ದನಿ ಭಾಳ ಚಂದೈತಿ. ಮುಟ್ಟೂದು ಬ್ಯಾಡ ಅನಸ್ತೈತಿ."

"ನಾಳಿ ದೊಡ್ಡ ಮಂದಿ ಬರ್ತಾರ. ಮೂಕ ಗಂಟಿ ಕಟ್ಟಿದಾವ ಯಾರಂತ ಕೇಳಿದ್ರ ನಿಮ್ಮನ್ನ ತೋರಸ್ತಾರ!"

"ಆಕಿ ಹೇಳೂದು ಖರೆ. ಜಲ್ದಿ ಒಂದು ಹಾಕು" ಎಂದರು ಓವರ್‌ಸಿಯರ್. ನಮ್ಮವರು ಒಲ್ಲದ ಮನಸ್ಸಿನಿಂದ ಗಂಟೆಯ ನೆತ್ತಿಗೆ ತೂತು ಕೊರೆದು, ಕೊಂಡಿ ಬಿಗಿದು, ಕಬ್ಬಿಣದ ನಾಲಿಗೆ ಇಳಿಬಿಟ್ಟು, ಅದಕ್ಕೆ ಹಗ್ಗ ಕಟ್ಟಿದರು.

ಮರುದಿನ ಎಲ್ಲರಿಗಿಂತ ಮೊದಲು ಬಂದ ಆ ದೇಶದವರ ದುಭಾಷಿ ಅದನ್ನು ನೋಡಿ ತಲೆಯ ಮೇಲೆ ಕೈ ಹೊತ್ತ. ಆ ದೇಶದಲ್ಲಿ ಗಂಟೆಗೆ ನಾಲಿಗೆಯೇ ಇರುವುದಿಲ್ಲವಂತೆ; ಹೊರಗಿನಿಂದ ಮರದ ದಿಮ್ಮಿಯಲ್ಲಿ ಹೊಡೆಯುತ್ತಾರಂತೆ. ಓವರ್‌ಸಿಯರ್ ಥಟ್ಟನೆ, "ನಾ ಹೇಳಿಲ್ಲ, ಇವನ ಮಾಡ್ಯಾನ" ಎಂದುಬಿಟ್ಟರು. ಥೂ, ಅವನ ಮುಖಕ್ಕಿಷ್ಟು! ಇನ್ನೊಂದು ರಾಜ್ಯದ ಕಾಣಿಕೆ ಕೆಡಿಸಿದವರನ್ನು ಜೈಲಿಗೆ ಹಾಕದೆ ಬಿಡುತ್ತಾರೆಯೇ? ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹೊಳೆಯವರೆಗೆ ಹೋದೆ, ಬಂದೆ, ಮತ್ತೆ ಹೋದೆ. ನಮ್ಮವರು ಮಾತ್ರ ಕಂಬಕ್ಕೆ ಒರಗಿ ನಿಂತೇ ಇದ್ದರು.

ಆ ದೇಶದ ಪ್ರತಿನಿಧಿ ಬಂದರು. ವಯಸ್ಸಾದವರು. ದುಭಾಷಿ ಅವರ ಕಿವಿಯಲ್ಲಿ ಏನೋ ಹೇಳಿ, "ಯಾರು ಇದನ್ನು ಮಾಡಿದ್ದು?" ಎಂದು ಕೇಳಿದ. ನಮ್ಮವರು ಹೆಜ್ಜೆ ಎತ್ತುವ ಮೊದಲೇ ನಾನು ನುಗ್ಗಿದೆ.

"ನಾನ ಮಾಡ್ಸಿದ್ದರಿ! ಇವರದೇನೂ ತಪ್ಪಿಲ್ರಿ!"

ದುಭಾಷಿ ಅದನ್ನು ತಿಳಿಸಿದಾಗ ಮುದುಕರು ನನ್ನನ್ನೇ ನೋಡಿದರು. ಆಮೇಲೆ ನಕ್ಕು, ಗಂಟೆಯ ಹಗ್ಗವನ್ನು ನನ್ನ ಕೈಗೇ ಕೊಟ್ಟರು. ಎಳೆದೆ. ಗಂಟೆ ಢಣ್ ಎಂದಿತು, ಜನ ಚಪ್ಪಾಳೆ ತಟ್ಟಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡು ಖುಷಿಯಿಂದ ಇವರ ಕಡೆ ತಿರುಗಿದೆ.

ನಮ್ಮವರು ತಲೆ ತಗ್ಗಿಸಿದ್ದರು. "ದನಿ ಸತ್ತು ಹೋತು" ಎಂದರು, ನನಗೊಬ್ಬಳಿಗೇ ಕೇಳುವ ಹಾಗೆ.

ಆಮೇಲೆ ಚೊಂಬು, ತಟ್ಟೆ, ದೀಪ ಎಲ್ಲ ಮಾಡಿದರು. ಗಂಟೆ ಮಾತ್ರ ಎರೆಯಲಿಲ್ಲ. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.