ಕೊಪ್ಪಳ ಕೋರ್ಟಿನ ದುಭಾಷಿ

ನಿಜಾಮರ ಕಾಲದಲ್ಲಿ ಕೊಪ್ಪಳದ ಕೋರ್ಟು ಉರ್ದುವಿನಲ್ಲಿ ನಡೆಯುತ್ತಿತ್ತು. ನಾವು ಕನ್ನಡದಲ್ಲಿ ಹೇಳಿದ್ದನ್ನು ನ್ಯಾಯಾಧೀಶರಿಗೆ ಉರ್ದುವಿನಲ್ಲಿ ತಿಳಿಸಲು ಒಬ್ಬ ದುಭಾಷಿ ಇದ್ದರು. ಕಣ್ಣು ಮುಚ್ಚಿ ಕೇಳುವರು. ಸಂಶಯ ಬಂದರೆ ಒಂದು ಬೆರಳೆತ್ತಿ, "ಅವಸರ ಇಲ್ಲರಿ, ಇನ್ನೊಮ್ಮೆ ಹೇಳ್ರಿ" ಎನ್ನುವರು.

ಒಮ್ಮೆ ನಾನೇ ಅವರ ಮುಂದೆ ಫಿರ್ಯಾದಿಯಾಗಿ ನಿಂತೆ. ಹುಲಿಗಿಯಲ್ಲಿ ನಾನು ಸ್ನಾನಕ್ಕೆ ಹೊಳೆಗಿಳಿದಾಗ ಒಬ್ಬ ತರುಣ ನನ್ನ ಎತ್ತಿನ ಬಂಡಿಯನ್ನು ಕದ್ದೊಯ್ದಿದ್ದ. ಸಿಟ್ಟಿನಲ್ಲಿ, "ಹೊಡಕೊಂಡು ಹೋಗ್ಯಾನ್ರಿ" ಎಂದೆ.

ಬೆರಳು ಮೇಲೆದ್ದಿತು. "ಹೊಡದದ್ದು ಬಂಡಿನೋ, ನಿಮ್ಮನ್ನೋ?"

ನಮ್ಮ ಮಾತಿನಲ್ಲಿ ಬಂಡಿ ನಡೆಸುವುದೂ ಹೊಡೆಯುವುದೇ, ಮನುಷ್ಯನನ್ನು ಬಡಿಯುವುದೂ ಹೊಡೆಯುವುದೇ. ಬಡಿದೋ ಬೆದರಿಸಿಯೋ ಕಸಿದಿದ್ದರೆ ಅದು ಸುಲಿಗೆ, ವರ್ಷಗಟ್ಟಲೆ ಜೈಲು. ಕಣ್ತಪ್ಪಿಸಿ ಒಯ್ದಿದ್ದರೆ ಬರೀ ಕಳವು. ಇದು ನನಗೂ ಗೊತ್ತಿತ್ತು. ಎದುರಿಗೆ ಆ ತರುಣ ಕೈಮುಗಿದು ನಿಂತಿದ್ದ. ಎತ್ತು, ಬಂಡಿ ಸಿಗುವವರೆಗೆ ಎರಡು ದಿನ ಅಲೆದ ಸಿಟ್ಟು ನನಗಿನ್ನೂ ಆರಿರಲಿಲ್ಲ. ಅವನ ಕಡೆ ನೋಡಿದೆ.

"ಅವಸರ ಇಲ್ಲರಿ" ಎಂದರು.

"ಬಂಡಿರಿ. ನನ್ನ ಮುಟ್ಟಿಲ್ಲ, ಹೆದರಿಸಿಲ್ಲ. ನಾ ಹೊಳಿಯಾಗ ಇದ್ದೆ."

ಅವರು ಅಷ್ಟನ್ನೇ ಉರ್ದುವಿನಲ್ಲಿ ಹೇಳಿದರು. ಕಳವೆಂದು ತೀರ್ಮಾನವಾಗಿ, ಅವನಿಗೆ ಕೆಲವೇ ತಿಂಗಳ ಶಿಕ್ಷೆಯಾಯಿತು.

ಹೊರಗೆ ಬಂದಾಗ ಅವರನ್ನು ಕೇಳಿದೆ, "ನನ್ನ ಹೊಡದಾನ ಅಂತ ಹೇಳಿದ್ರ ಏನ್ ಮಾಡ್ತಿದ್ರಿ?"

"ಹಂಗ ಹೇಳ್ತಿದ್ದೆ. ನಿಮ್ಮ ಮಾತು ದಾಟಿಸೋದಷ್ಟ ನನ್ನ ಕೆಲಸರಿ. ಖರೇ ಹೇಳೋದು ನಿಮ್ಮ ಕೆಲಸ."

ಬಂಡಿ ಕಳೆದಂದಿನಿಂದ ಸಿಟ್ಟಿಗೆ ನನಗೆ ಊಟ ಸೇರುತ್ತಿರಲಿಲ್ಲ. ಅಂದು ನಮ್ಮೂರು ಇರಕಲ್ಲಗಡಕ್ಕೆ ಬಂದು ಹೊಟ್ಟೆ ತುಂಬ ಉಂಡೆ.